ಬಾಂದು ಕಲ್ಲಿನ ಮೇಲೊಂದು ಹೆಜ್ಜೆ

ಡೆನ್ವರ್‌ನಲ್ಲಿರುವ ಓದುಗರೊಬ್ಬರ ಪತ್ರದ ಸಾರ: "ಆಫೀಸಿನ ಗೆಳೆಯ ಅಕ್ಟೋಬರ್‌ನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಶಿಕಾರಿಗೆ ಕರೆದಿದ್ದಾನೆ. ನಾನು ತೀರ್ಥಹಳ್ಳಿ ಕಡೆಯವನು. ಮಾಂಸ ತಿನ್ನುತ್ತೇನೆ, ಕೋವಿ ಮುಟ್ಟಿದವನಲ್ಲ. 'ಸುಮ್ನೆ ಪಾಪ ಕಟ್ಟಿಕೊಳ್ಳಬೇಡಿ' ಅಂತ ಹೆಂಡತಿ ಹೇಳುತ್ತಾಳೆ. ಗೆಳೆಯನ ಹತ್ತಿರ ಸಾವಿರ ಗಜ ದೂರ ಹೊಡೆಯುವ ರೈಫಲ್ ಇದೆಯಂತೆ. ಅವನು ನೋಡಿಟ್ಟಿರುವುದು ಒಂದು ಸರ್ಕಾರಿ ಗುಡ್ಡ. ಸುತ್ತಲೂ ಖಾಸಗಿ ಜಮೀನು. ಮೂಲೆಯಲ್ಲಿ ದಾಟಬಹುದು ಅನ್ನುತ್ತಾನೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಮೊದಲು ಒಂದು ಒಣ ವಿಷಯ ಮುಗಿಸಿಬಿಡೋಣ. ನಿಮ್ಮ ವೀಸಾ ಯಾವುದು ಅಂತ ಬರೆದಿಲ್ಲ. ಎಚ್-1ಬಿ ಥರದ ವೀಸಾದಲ್ಲಿದ್ದರೆ, ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನೀವು ಕೋವಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ಮುಖ್ಯ ವಿನಾಯಿತಿ ಬೇಟೆ ಲೈಸೆನ್ಸ್. ಅದು ಕೈಗೆ ಬರುವ ಮೊದಲು ಗೆಳೆಯ "ಒಂದ್ಸಲ ಹೊಡೆದು ನೋಡು" ಅಂದರೂ ಬೇಡ ಅನ್ನಿ. ನಿಮ್ಮ ಕೊಲರಾಡೊ ರಾಜ್ಯದಲ್ಲಿ 1949ರಿಂದ ಈಚೆಗೆ ಹುಟ್ಟಿದವರು ಆ ಲೈಸೆನ್ಸ್ ಪಡೆಯಲು ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಗ್ರೀನ್ ಕಾರ್ಡ್ ದಾರಿಯಲ್ಲಿರುವವರು ವಕೀಲರನ್ನೂ ಒಮ್ಮೆ ಕೇಳಿಬಿಡುವುದು ಒಳ್ಳೆಯದು.

ಇನ್ನು ಪಾಪದ ಮಾತು. ನಮ್ಮ ದೊಡ್ಡಪ್ಪನ ಹತ್ತಿರ ಒಂದು ತೋಟಾ ಕೋವಿ ಇತ್ತು. ಆಗಿನ್ನೂ 1972ರ ವನ್ಯಜೀವಿ ಕಾಯ್ದೆ ಬಂದಿರಲಿಲ್ಲ. ಒಂದು ಸಂಜೆ ಮರಸು ಕೂತವರು ಕಡವೆಗೆ ಗುಂಡು ಹೊಡೆದರು. ಬೆಳಕು ಸಾಲದು ಅಂತ ಗೊತ್ತಿದ್ದೂ ಹೊಡೆದರು. ಕಡವೆ ಬೀಳಲಿಲ್ಲ, ಕಾನಿಗೆ ನುಗ್ಗಿತು. ಮಾರನೆಯ ದಿನವಿಡೀ ನಾಯಿ ಕಟ್ಟಿಕೊಂಡು ಹುಡುಕಿದರು. ರಕ್ತದ ಜಾಡು ಹಳ್ಳದವರೆಗೆ ಸಿಕ್ಕಿತಂತೆ, ಆಮೇಲೆ ಇಲ್ಲ. ಮುಂದೊಂದು ಎಲೆಕ್ಷನ್ನಿಗೆ ಕೋವಿಯನ್ನು ಠಾಣೆಗೆ ಒಪ್ಪಿಸಿದವರು ವಾಪಸ್ ತರಲು ಹೋಗಲೇ ಇಲ್ಲ. ಕೊಂದ ಪ್ರಾಣಿಗಳ ಕತೆ ಎಷ್ಟೋ ಹೇಳುತ್ತಿದ್ದರು. ಈ ಕಡವೆಯ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದರು.

ನಿಮ್ಮ ಗೆಳೆಯನ ಸಾವಿರ ಗಜದ ರೈಫಲ್ ಅಂದಾಗ ನನಗೆ ನೆನಪಾದದ್ದು ಅದೇ. ಅಷ್ಟು ದೂರ ಕ್ರಮಿಸಲು ಗುಂಡಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಮೇಯುತ್ತಿರುವ ಎಲ್ಕ್ ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ನಡುವಿನ ಕಣಿವೆಯಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಇಲ್ಲಿ ಮಲಗಿ ಗುರಿ ಇಟ್ಟವನಿಗೆ ಕಾಣುವುದಿಲ್ಲ. ರೈಫಲ್ಲಿನ ದುರ್ಬೀನು ಎಷ್ಟೇ ಒಳ್ಳೆಯದಿರಲಿ, ಆ ಒಂದು ಸೆಕೆಂಡನ್ನು ಅಳಿಸಲು ಆಗಲ್ಲ.

ಅಲ್ಲಿಯ ಬೇಟೆಗಾರರಿಗೆ ಇದು ಗೊತ್ತಿಲ್ಲದ್ದೇನಲ್ಲ. ಥಿಯೊಡೋರ್ ರೂಸ್ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಅನ್ನುವ ಬೇಟೆಗಾರರ ಕ್ಲಬ್ಬಿನವರು ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಲೇಬೇಕು ಅಂತ ಇವತ್ತಿಗೂ ವಾದಿಸುತ್ತಾರೆ. ರಾಜ್ಯಗಳೂ ಅಲ್ಲಲ್ಲಿ ಗೆರೆ ಎಳೆದಿವೆ. ತೀರಾ ದೂರ ಹೊಡೆಯುವ ರೈಫಲ್‌ಗಳು ಭಾರ ಇರುತ್ತವೆ; ಐಡಹೊದಲ್ಲಿ 16 ಪೌಂಡಿಗಿಂತ ಭಾರದ್ದನ್ನು ಬೇಟೆಗೆ ಒಯ್ಯುವಂತಿಲ್ಲ. ಬೇಟೆಗೆ ನೆರವಾಗಲೆಂದು ಕಾಡಿನಲ್ಲಿ ಕ್ಯಾಮೆರಾ ಕಟ್ಟುವುದನ್ನು ಅರಿಜೋನಾ 2022ರಿಂದ ನಿಲ್ಲಿಸಿದೆ. ಡ್ರೋನ್ ಹಾರಿಸಿ ಪ್ರಾಣಿ ಹುಡುಕುವಂತಿಲ್ಲ ಅಂತ ನಿಮ್ಮ ಕೊಲರಾಡೊವೇ ಹೇಳಿದೆ. ಆದರೆ ಎಷ್ಟು ಗಜದಿಂದ ಹೊಡೆಯಬೇಕು ಅನ್ನುವುದು ಬಹುತೇಕ ಹೊಡೆಯುವವನಿಗೇ ಬಿಟ್ಟದ್ದು. ಹಾಗಾಗಿ ಗೆಳೆಯನಿಗೆ ಒಂದು ಪ್ರಶ್ನೆ ಕೇಳಿ: ಗುರಿಗೆ ಸಿಕ್ಕಿಯೂ ನೀನು ಹೊಡೆಯದೆ ಬಿಟ್ಟ ಎಲ್ಕ್ ಎಷ್ಟು? ಲೆಕ್ಕ ಕೊಟ್ಟರೆ ಅವನ ಜೊತೆ ಹೋಗಬಹುದು. ನಕ್ಕರೆ ಯೋಚನೆ ಮಾಡಿ.

ಸಾಮಾನಿನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಅಂಗಡಿಯವರು ಹೇಳುತ್ತಾರೆ. ಪಳಗಿದ ಬೂಟು, ಒಳ್ಳೆ ಬೈನಾಕ್ಯುಲರ್, ಮೈಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಬಟ್ಟೆ. ಈ ಕಿತ್ತಳೆ ಕೊಲರಾಡೊದ ನಿಯಮ, ಗುಲಾಬಿ ಬಣ್ಣವೂ ನಡೆಯುತ್ತದೆ. ಸೀಸದ ಬದಲು ತಾಮ್ರದ ಗುಂಡಾದರೆ ಬಿಟ್ಟುಬಂದ ಕರುಳು ತಿನ್ನುವ ಹದ್ದುಗಳಿಗೆ ವಿಷ ಏರುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯ ನಿಮ್ಮ ಬೆನ್ನು. ದೊಡ್ಡ ಗಂಡು ಎಲ್ಕ್ 300 ಕೆಜಿ ತೂಗುತ್ತದೆ. ಮೂಳೆ ಬಿಡಿಸಿದರೂ ನೂರು ಕೆಜಿ ಹತ್ತಿರ ಮಾಂಸ. ಕೊಂಬು ಕಡಿದುಕೊಂಡು ಮಾಂಸ ಬಿಟ್ಟುಬರುವುದು ಅಪರಾಧ. ಅಷ್ಟನ್ನೂ ಹತ್ತು ಸಾವಿರ ಅಡಿ ಎತ್ತರದಿಂದ ಹೊತ್ತು ಇಳಿಸಬೇಕು. ಇಬ್ಬರೇ ಇದ್ದರೆ ಎರಡೆರಡು ಸಲವಾದರೂ ಹತ್ತಿಳಿಯಬೇಕು.

ಈಗ ಆ ಮೂಲೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದೇ ಇದು.

1862ರಿಂದ ಈಚೆಗೆ ರೈಲು ಕಂಪನಿಗಳಿಗೆ ಅಮೆರಿಕ ಸರ್ಕಾರ ಹಳಿಯ ಎರಡೂ ಬದಿ ಜಮೀನು ಕೊಟ್ಟಿತು. ಕೊಟ್ಟ ರೀತಿ ವಿಚಿತ್ರ. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲ, 640 ಎಕರೆಯ ಚೌಕಗಳು. ಚದುರಂಗದ ಹಾಸಿನ ಹಾಗೆ ಒಂದು ಬಿಟ್ಟು ಒಂದು: ಕಪ್ಪು ಮನೆ ಕಂಪನಿಗೆ, ಬಿಳಿ ಮನೆ ಸರ್ಕಾರಕ್ಕೆ. ಬಿಳಿ ಮನೆಯಿಂದ ಬಿಳಿ ಮನೆಗೆ ಹೋಗಲು ದಾರಿ ಬಿಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಾದರೆ ಗ್ರಾಮ ನಕಾಶೆಯಲ್ಲಿ ಬಂಡಿ ದಾರಿ ಇದೆ ಅಂತ ತಹಸೀಲ್ದಾರರ ಹತ್ತಿರ ಹೋಗಿ ಜಗಳ ಆಡಬಹುದು. ಅಲ್ಲಿ ನಕಾಶೆಯಲ್ಲೇ ದಾರಿ ಇಲ್ಲ. ಸರ್ಕಾರ ದಾರಿಯ ಹಕ್ಕು ಉಳಿಸಿಕೊಂಡೇ ಇರಲಿಲ್ಲ ಅಂತ 1979ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

2020ರಲ್ಲಿ ಮಿಸೌರಿಯ ಬೇಟೆಗಾರರು ವಯೋಮಿಂಗ್‌ನ ಎಲ್ಕ್ ಮೌಂಟನ್‌ಗೆ ಹೋದರು. ನಾಲ್ಕು ಚೌಕ ಕೂಡುವ ಮೂಲೆಯಲ್ಲಿ ಸರ್ವೆ ಗುರುತು ಇತ್ತು, ಅಂದರೆ ನಮ್ಮ ಬಾಂದು ಕಲ್ಲು ಅಂದುಕೊಳ್ಳಿ. ಖಾಸಗಿ ಜಮೀನಿನವರು ಅದರ ಎರಡು ಬದಿ ಕಂಬ ನೆಟ್ಟು ಮೇಲೆ ಸರಪಳಿ ಬಿಗಿದಿದ್ದರು. ಬೇಟೆಗಾರರು ಕಂಬ ಹಿಡಿದು ತಿರುಗಿ ಆಚೆ ಇಳಿದರು. ಮರುವರ್ಷ ಏಣಿಯನ್ನೇ ತಂದು ದಾಟಿದರು. ಖಾಸಗಿ ಮಣ್ಣಿಗೆ ಕಾಲು ಸೋಕಿಸಲಿಲ್ಲ. ಮಾಲೀಕರ ಕಡೆಯವರ ವಾದ ಕೇಳಿ: ಕಾಲು ಸೋಕದಿದ್ದರೇನು, ನಮ್ಮ ಜಾಗದ ಮೇಲಿನ ಗಾಳಿಯಲ್ಲಿ ನಿಮ್ಮ ಭುಜ ಹಾದುಹೋಯಿತಲ್ಲ! ಆಸ್ತಿಯ ಬೆಲೆ ಇಳಿಯುತ್ತದೆ ಅಂತ 70 ಲಕ್ಷ ಡಾಲರ್‌ಗೂ ಜಾಸ್ತಿ ನಷ್ಟದ ಲೆಕ್ಕ ಕೋರ್ಟಿಗೆ ಬಂತು.

ಅತಿಕ್ರಮ ಪ್ರವೇಶದ ಕ್ರಿಮಿನಲ್ ಕೇಸಿನಲ್ಲಿ ಜ್ಯೂರಿ 2022ರಲ್ಲಿ ಬೇಟೆಗಾರರನ್ನು ಖುಲಾಸೆ ಮಾಡಿತು. ಸಿವಿಲ್ ಕೇಸು ಮೇಲೆ ಮೇಲೆ ಹೋಯಿತು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಆಧಾರ ಯಾವುದು ಗೊತ್ತಾ? ಸರ್ಕಾರಿ ಜಮೀನಿಗೆ ಹೋಗುವವರನ್ನು ತಡೆಯಬಾರದು ಅನ್ನುವ 1885ರ ಒಂದು ಕಾಯ್ದೆ. ದನದ ದೊಡ್ಡ ಧಣಿಗಳು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಹಾಕಿ ನುಂಗುತ್ತಿದ್ದ ಕಾಲದಲ್ಲಿ ಮಾಡಿದ್ದು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಕೊಲರಾಡೊ ಆ ನ್ಯಾಯಾಲಯದ ವ್ಯಾಪ್ತಿಯಲ್ಲೇ ಇದೆ. ಹಾಗಾಗಿ ಗೆಳೆಯನ ಮಾತು ಪೂರ್ತಿ ಸುಳ್ಳಲ್ಲ. ಮೊಂಟಾನಾ, ಐಡಹೊ ಕಡೆ ಹೋದರೆ ಈ ತೀರ್ಪಿನ ಆಸರೆ ಇಲ್ಲ. ಇನ್ನೊಂದು ತೊಡಕಿದೆ. ಮೊಬೈಲ್ ನಕ್ಷೆ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಆ ಮೂಲೆಯಾದರೋ ಒಂದು ಚುಕ್ಕೆ. ಸರ್ವೆ ಗುರುತು ಕಣ್ಣಿಗೆ ಬಿದ್ದರೆ ಮಾತ್ರ ದಾಟಿ. ಬೀಳದಿದ್ದರೆ, ನೀಲಿ ಚುಕ್ಕೆ ಏನೇ ಹೇಳಲಿ, ವಾಪಸ್ ಬನ್ನಿ.

ನಾನು ಬೇಟೆಯ ಪರ ಅಲ್ಲ. ಆದರೆ ಈ ಜಗಳದಲ್ಲಿ ಬೇಟೆಗಾರರ ಕಡೆ ನಿಲ್ಲುತ್ತೇನೆ. 2025ರ ಜೂನ್‌ನಲ್ಲಿ ಪಶ್ಚಿಮ ರಾಜ್ಯಗಳ ಲಕ್ಷಾಂತರ ಎಕರೆ ಸರ್ಕಾರಿ ಜಮೀನು ಮಾರುವ ಪ್ರಸ್ತಾಪ ಸೆನೆಟ್ಟಿಗೆ ಬಂದಿತ್ತು. ಪರಿಸರದವರ ಜೊತೆ ಕೋವಿ ಹಿಡಿದವರೂ ಗಲಾಟೆ ಎಬ್ಬಿಸಿದರು, ಪ್ರಸ್ತಾಪ ವಾಪಸ್ ಹೋಯಿತು. ನಮ್ಮೂರ ಗೋಮಾಳಕ್ಕೆ ಬೇಲಿ ಬಿದ್ದಾಗ ಹಾಗೆ ಎದ್ದವರು ಎಷ್ಟು ಜನ, ನೀವೇ ಲೆಕ್ಕ ಹಾಕಿ.

ಮನೆಯವರಿಗೆ ಈ ಪತ್ರ ಓದಿ ಹೇಳಿ. ಅವರು ಆಮೇಲೂ ಬೇಡ ಅಂದರೆ, ಬೈನಾಕ್ಯುಲರ್ ಹಿಡಿದು ಗೆಳೆಯನ ಹಿಂದೆ ಹೋಗಿ. ಎಲ್ಕ್ ಬಿದ್ದರೆ ಹೊರಲು ಅವನಿಗೆ ಹೇಗೂ ಇನ್ನೊಂದು ಬೆನ್ನು ಬೇಕು.