ಇಟಲಿಯ ಚಿತ್ರಕಾರ ಕಾರವಾಜ್ಜೊನ ‘ಸಂತ ಮತ್ತಾಯನ ಕರೆ’ ಚಿತ್ರದಲ್ಲಿ ಕಿಟಕಿ ಇದ್ದರೂ ಬೆಳಕು ಬೇರೆ ಕಡೆಯಿಂದ ಬರುವುದು ಯಾಕೆ?

ಯಾಕೆಂದರೆ ಆ ಬೆಳಕೇ ಇಲ್ಲಿ ಕರೆ. ಅದು ಯೇಸು ನಿಂತ ಕಡೆಯಿಂದ, ಬಲಗಡೆ ಮೇಲಿನಿಂದ, ಓರೆಯಾಗಿ ಬರುತ್ತದೆ. ಚಿತ್ರದೊಳಗಿನ ಕಿಟಕಿ ಮಂಕಾಗಿ ಸುಮ್ನೆ ಇದೆ, ಅದರಿಂದ ಏನೂ ಬರುವುದಿಲ್ಲ.

ಕತೆ ಇಷ್ಟೇ: ಮತ್ತಾಯ ಸುಂಕ ವಸೂಲಿ ಮಾಡುವವನು. ಮೇಜಿನ ಮೇಲೆ ದುಡ್ಡು ಎಣಿಸುವಾಗ ಯೇಸು ಬಂದು “ನನ್ನ ಹಿಂದೆ ಬಾ” ಎನ್ನುತ್ತಾನೆ. ಚಿತ್ರದಲ್ಲಿ ಮಾತು ಕೇಳಿಸುವುದಿಲ್ಲ ಅಲ್ವಾ, ಹಾಗಾಗಿ ಆ ಕೆಲಸ ಬೆಳಕಿನದು. ಯೇಸುವಿನ ಮೈ ಬಹುಪಾಲು ಕತ್ತಲಲ್ಲಿದೆ, ಮುಂದೆ ನಿಂತ ಶಿಷ್ಯ ಪೇತ್ರನೂ ಅವನನ್ನು ಮರೆಮಾಡಿದ್ದಾನೆ, ನಮಗೆ ಸರಿಯಾಗಿ ಸಿಗುವುದು ಮುಖ ಮತ್ತು ಚಾಚಿದ ಕೈ, ಆ ಕೈಯ ಮೇಲಿಂದಲೇ ಬೆಳಕು ಹಾದು ಮೇಜಿನವರ ಮುಖಕ್ಕೆ ಬೀಳುತ್ತದೆ. ಆ ಕೈ ಮೈಕೆಲ್ಯಾಂಜೆಲೊ ಸಿಸ್ಟೀನ್ ಚಾಪೆಲ್‌ನಲ್ಲಿ ಬರೆದ, ಬೈಬಲ್ಲಿನ ಮೊದಲ ಮನುಷ್ಯ ಆದಾಮನ ಕೈಯ ಹಾಗೇ ಇದೆ. ಕ್ರೈಸ್ತರಿಗೆ ಯೇಸು ಎರಡನೇ ಆದಾಮ, ಅದಕ್ಕೆ.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಜಾಣತನ. 1599-1600ರಲ್ಲಿ ಬರೆದ ಈ ಚಿತ್ರ ಇವತ್ತಿಗೂ ರೋಮ್‌ನ ಸಾನ್ ಲುಯಿಜಿ ದೈ ಫ್ರಾಂಚೇಸಿ ಚರ್ಚಿನಲ್ಲಿ, ಚಿಕ್ಕ ಪ್ರಾರ್ಥನಾ ಕೋಣೆಯೊಂದರ ಎಡಗೋಡೆಯಲ್ಲಿದೆ. ಆ ಕೋಣೆಯ ನಿಜವಾದ ಕಿಟಕಿ ಪೂಜಾಪೀಠದ ಮೇಲ್ಗಡೆ ಇದೆ, ಅಂದರೆ ಚಿತ್ರಕ್ಕೆ ಬಲಗಡೆ. ಹಾಗಾಗಿ ಹೊರಗಿನ ಬೆಳಕೇ ಚಿತ್ರದೊಳಗೆ ನುಗ್ಗಿದಂತೆ ಕಾಣುತ್ತದೆ.

ಅಂದ ಹಾಗೆ, ಮತ್ತಾಯ ಯಾರು? ಬೆರಳು ತೋರಿಸುವ ಗಡ್ಡದವನು ಎಂದು ಹೆಚ್ಚಿನವರು ಹೇಳುತ್ತಾರೆ. ತಲೆ ತಗ್ಗಿಸಿ ದುಡ್ಡು ನೋಡುತ್ತಿರುವ ಹುಡುಗನೇ ಮತ್ತಾಯ ಎನ್ನುವವರೂ ಇದ್ದಾರೆ.