ಹಣೆಯಲ್ಲಿ ಬೆಳಕು ಕಂಡಿತು, ಈಗ ಕೆಲಸ ಬಿಡಬೇಕಾ?

ಪ್ರಶ್ನೆ: ಮೇಡಂ, ನಮ್ಮ ಗುರುಗಳ ಮೂರು ದಿನದ ಶಿಬಿರಕ್ಕೆ ಹೋಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಒಂದೇ ಹೊತ್ತು ಊಟ, ಜೋರು ಜೋರು ಉಸಿರಾಟ, ಆಮೇಲೆ ಗಂಟೆಗಟ್ಟಲೆ ಭಜನೆ. ಕೊನೆಯ ದಿನ ಕೈಬೆರಳೆಲ್ಲ ಜುಮ್ಮೆಂದವು, ಹಣೆಯ ನಡುವೆ ಬೆಳಕು ಕಂಡಿತು, ಸುಮ್ನೆ ಅಳು ಬಂತು. ಅಂಥ ಸುಖ ಯಾವತ್ತೂ ಆಗಿರಲಿಲ್ಲ. ಇದು ಗುರುಕೃಪೆ, ಹೊರಗಿನವರ ಮುಂದೆ ಆಡಬೇಡಿ, ಕೆಲಸ ಬಿಟ್ಟು ಸೇವೆಗೆ ಬನ್ನಿ ಎನ್ನುತ್ತಿದ್ದಾರೆ. ಯಜಮಾನರು ನಗುತ್ತಾರೆ. ನನಗಾಗಿದ್ದು ನಿಜವೋ ಭ್ರಮೆಯೋ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಯಜಮಾನರು ನಗುವುದನ್ನು ಮೊದಲು ನಿಲ್ಲಿಸಲಿ. ಅಳು ಬಂದಿದ್ದು ನಿಜ, ಸುಖ ಆಗಿದ್ದೂ ನಿಜ.

ಆದರೆ ಬೆರಳು ಜುಮ್ಮೆಂದಿದ್ದಕ್ಕೆ ಬೇರೆ ಕಾರಣವೂ ಇರಬಹುದು. ಬೇಗ ಬೇಗ, ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಆಗ ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ, ಕೆಲವರಿಗೆ ಕೈ ಸೆಟೆದುಕೊಳ್ಳುತ್ತದೆ. ಮೇಲೆ ನಿದ್ದೆಗೇಡು, ಅರೆಹೊಟ್ಟೆ, ನೂರಾರು ಜನ ಒಂದೇ ತಾಳಕ್ಕೆ ಹಾಡುವ ಹುರುಪು. ಗುರುಗಳ ಫೋಟೋ ಇಲ್ಲದ ಕೋಣೆಯಲ್ಲಿ ಇಷ್ಟನ್ನೂ ಮಾಡಿದರೂ ಜುಮ್ಮೆನ್ನುತ್ತಿತ್ತು. ಹಾಗಂತ ಎಲ್ಲವೂ ಬರೀ ಉಸಿರಿನ ಆಟ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕಡೆಯವರೇ, ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು, ಅಲ್ಲಿನ ಕುಲಪತಿಯೂ ಆಗಿದ್ದವರು. ಸಾಧಕರಿಗೆ ಕಾಣುವ ಬೆಳಕು, ಕೇಳುವ ನಾದ ಇವನ್ನೆಲ್ಲ ಅವರು ಗಂಭೀರವಾಗಿ ತೆಗೆದುಕೊಂಡು ಬರೆದರು. ಕೊನೆಗೆ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ನೆಲೆ ನಿಂತರು.

ನನಗೆ ಕಸಿವಿಸಿ ಆಗಿದ್ದು ನಿಮ್ಮ ಪತ್ರದ ಆ ಎರಡು ಮಾತಿಗೆ: ಹೊರಗೆ ಹೇಳಬೇಡಿ, ಕೆಲಸ ಬಿಡಿ. ಅನುಭವ ಆಗಿದ್ದು ನಿಮಗೆ. ಅದಕ್ಕೆ ಬಿಲ್ಲು ಬರೆಯುತ್ತಿರುವವರು ಇನ್ಯಾರೋ!

ದಕ್ಷಿಣೇಶ್ವರದ ಕತೆ ನೆನಪಿಸಿಕೊಳ್ಳಿ. ರಾಮಕೃಷ್ಣರು ಮುಟ್ಟಿದ ಕೂಡಲೇ ನರೇಂದ್ರನಿಗೆ ಕೋಣೆಯ ಗೋಡೆಗಳೆಲ್ಲ ಗಿರಗಿರ ತಿರುಗಿ ಮಾಯವಾಗತೊಡಗಿದವು. ಹುಡುಗ ಹೆದರಿ, 'ಏನು ಮಾಡ್ತಿದ್ದೀರಿ, ಮನೇಲಿ ನನಗೆ ಅಪ್ಪ ಅಮ್ಮ ಇದ್ದಾರೆ' ಅಂತ ಕೂಗಿಕೊಂಡ. ರಾಮಕೃಷ್ಣರು ನಕ್ಕು ಅವನ ಎದೆ ಸವರಿ ಸುಮ್ಮನಾದರು. ಮನೆಗೆ ಬಂದ ನರೇಂದ್ರನ ಮೊದಲ ಅನುಮಾನ ಏನು ಗೊತ್ತಾ? ಇದು ಸಮ್ಮೋಹನ ವಿದ್ಯೆ ಇರಬಹುದಾ ಅಂತ! ಇನ್ನೊಂದು ಸಲ, ದುಡ್ಡು ಮುಟ್ಟಿದರೆ ಇವರಿಗೆ ನಿಜಕ್ಕೂ ಆಗುವುದಿಲ್ಲವಾ ಅಂತ ನೋಡಲು ಹಾಸಿಗೆಯ ಕೆಳಗೆ ಗುಟ್ಟಾಗಿ ಒಂದು ರೂಪಾಯಿ ಇಟ್ಟ. ಕೂತವರು ಚೇಳು ಕುಟುಕಿದ ಹಾಗೆ ಎದ್ದರಂತೆ. ಪರೀಕ್ಷೆ ಮಾಡಿದ್ದಕ್ಕೆ ಸಿಟ್ಟಾಗಲಿಲ್ಲ, ಖುಷಿಪಟ್ಟರು. ಈ ಹುಡುಗನೇ ಆಮೇಲೆ ವಿವೇಕಾನಂದ.

ನೀವು ರೂಪಾಯಿ ಇಡುವುದು ಬೇಡ. ಮುಂದಿನ ವಾರ ಹೋಗಿ, 'ಸದ್ಯಕ್ಕೆ ಕೆಲಸ ಬಿಡಲ್ಲ, ಭಾನುವಾರ ಮಾತ್ರ ಬರ್ತೀನಿ' ಎನ್ನಿ. ಅವರ ಮುಖ ನೋಡಿ. ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ಹನ್ನೆರಡು ವರ್ಷದಿಂದ ಜಪ ಮಾಡುತ್ತಿದ್ದೇನೆ. ಸತ್ಸಂಗದಲ್ಲಿ ಒಬ್ಬರಿಗೆ ಓಂಕಾರ ಕೇಳಿಸುತ್ತದೆ, ಇನ್ನೊಬ್ಬರಿಗೆ ಗುರುಗಳು ಕನಸಿನಲ್ಲಿ ಬರುತ್ತಾರೆ. ನನಗೆ ಮೊಣಕಾಲು ನೋವು ಬಿಟ್ಟರೆ ಏನೂ ಆಗಿಲ್ಲ. ನನ್ನಲ್ಲೇ ಏನೋ ಕೊರತೆಯಾ?
– ನಿವೃತ್ತ ಶಿಕ್ಷಕ, ತುಮಕೂರು

ಉತ್ತರ: ಮೇಷ್ಟ್ರೇ, ಕುರ್ಚಿ ಹಾಕಿಕೊಂಡು ಕೂರಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಲ್ಲಮಪ್ರಭು, ಗೋರಕ್ಷನ ಕತೆ ನಿಮಗೆ ನಾನು ಹೇಳಬೇಕಾ! ಗೋರಕ್ಷ ಸಾಧನೆ ಮಾಡಿ ಮೈಯನ್ನು ವಜ್ರ ಮಾಡಿಕೊಂಡಿದ್ದ. ಕತ್ತಿಯಲ್ಲಿ ಹೊಡೆದರೆ ಖಣಿಲ್ ಅಂತು, ಕೂದಲೂ ಕೊಂಕಲಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಗಾಳಿಯಲ್ಲಿ ಬೀಸಿದ ಹಾಗೆ ಆಚೆಯಿಂದ ಬಂತು, ಸದ್ದೇ ಇಲ್ಲ. ಸದ್ದು ಬಂದವನು ಸೋತ ಕತೆ ಅದು. ನಿಮ್ಮ ಸತ್ಸಂಗದಲ್ಲಿ ಖಣಿಲ್ ಎನ್ನುವವರು ಸ್ವಲ್ಪ ಜಾಸ್ತಿ ಇದ್ದಾರೆ ಅನಿಸುತ್ತದೆ. ಅದರಲ್ಲಿ ಎಷ್ಟು ಮಂದಿ ಪಕ್ಕದವರಿಗೆ ಆಯಿತಲ್ಲ, ನನಗೂ ಆಗದಿದ್ದರೆ ಹೇಗೆ ಅಂತ ಹೇಳುತ್ತಾರೋ! ಹನ್ನೆರಡು ವರ್ಷದಲ್ಲಿ ನಿಮ್ಮ ಸಿಡುಕು ಕಡಿಮೆಯಾಗಿದೆಯಾ ಅಂತ ಮನೆಯವರನ್ನು ಕೇಳಿ. ಅವರು ನಿಜ ಹೇಳುತ್ತಾರೆ.

ಪ್ರಶ್ನೆ: ಅಪ್ಪ ತಮ್ಮ ಎಫ್‌ಡಿ ದುಡ್ಡನ್ನೆಲ್ಲ ಗುರುಗಳ ಆಶ್ರಮಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಗುರುಗಳನ್ನು ಬೈದರೆ ಊಟ ಬಿಡುತ್ತಾರೆ. ಏನು ಮಾಡಲಿ ಅಕ್ಕಾ?
– ಮಗಳು, ದಾವಣಗೆರೆ

ಉತ್ತರ: ಹಾಗಾದರೆ ಬೈಯಬೇಡಿ. ಅವರಿಗೆ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಗಳ ವಿಷಯ ತೆಗೆಯಿರಿ, ಅದು ಬೈಗುಳ ಅಲ್ಲ. ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದರೆ ಬೇಡ ಅಂತ ವಿನಯದಿಂದ ಕಾಗದ ಬರೆದರು. ತಾವು ಹೋದ ಮೇಲೆ ಸ್ಮಾರಕ ಕಟ್ಟಬೇಡಿ, ದೇಹ ಸುಟ್ಟುಬಿಡಿ ಅಂತ ಮೊದಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಹಾಗೇ ಆಯಿತು. ಅಪ್ಪನ ಗುರುಗಳು ಎಫ್‌ಡಿ ಬಗ್ಗೆ ತಾವಾಗಿಯೇ ಕೇಳಿದ್ದರಾ, ಇಲ್ಲ ಅಪ್ಪನದೇ ಆಸೆಯಾ ಅಂತ ಸಮಾಧಾನವಾಗಿ ವಿಚಾರಿಸಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಅಪ್ಪನದೇ ಆಸೆಯಾದರೆ, ಔಷಧಿಗೆ, ಅಮ್ಮನಿಗೆ ಅಂತ ಒಂದು ಭಾಗ ಎತ್ತಿಟ್ಟು ಉಳಿದಿದ್ದರಲ್ಲಿ ಕೊಡಲಿ, ರಸೀದಿ ತೆಗೆದುಕೊಳ್ಳಲಿ. ಅದಕ್ಕೂ ಮುಂಚೆ, ಆ ಎಫ್‌ಡಿ ಅಪ್ಪ ಅಮ್ಮ ಇಬ್ಬರ ಹೆಸರಲ್ಲೂ ಇದೆಯಾ ಅಂತ ಬ್ಯಾಂಕಿನ ಕಾಗದ ತೆಗೆದು ನೋಡಿ. ಇದ್ದರೆ ಅಮ್ಮನನ್ನೂ ಕೇಳಬೇಕಾಗುತ್ತದಲ್ವಾ?