ಮಂತ್ರಿ ಕುರ್ಚಿಯಿಂದ ಎವಿನ್ ಜೈಲಿಗೆ: ಅಬ್ದೊಲ್ಲಾ ನೂರಿ ಮಾಡಿದ ತಪ್ಪೇನು?

ಪ್ರಶ್ನೆ: ಇರಾನ್‌ನಲ್ಲಿ ಚುನಾವಣೆ ನಡೆಯುತ್ತದೆ, ಸುಧಾರಣಾವಾದಿಗಳು ಗೆದ್ದಿದ್ದೂ ಉಂಟು. ಆದರೂ ಖಾತಮಿ ಸರ್ಕಾರದ ಗೃಹ ಮಂತ್ರಿ ಅಬ್ದೊಲ್ಲಾ ನೂರಿ ಎರಡು ವರ್ಷ ಚಿಲ್ಲರೆಯಲ್ಲೇ ಜೈಲು ಸೇರಿದರು ಅಂತ ಓದಿದೆ. ಅಧ್ಯಕ್ಷರೇ ಅವರ ಕಡೆ ಇದ್ದರಲ್ಲ, ಮತ್ತೆ ಹೇಗೆ? ಲಂಚಗಿಂಚದ ಕೇಸಾ?

ಉತ್ತರ: ಲಂಚದ ಮಾತೇ ಇರಲಿಲ್ಲ. ಅವರನ್ನು ಜೈಲಿಗೆ ಕಳಿಸಿದ್ದು ಒಂದು ಪತ್ರಿಕೆ.

ಮೊದಲು ಒಂದು ವಿಷಯ. ನೂರಿ ಹೊರಗಿನಿಂದ ಬಂದು ವ್ಯವಸ್ಥೆಯನ್ನು ಬೈದವರಲ್ಲ. ಅವರೇ ಒಬ್ಬ ಧರ್ಮಗುರು. 1979ರ ಇಸ್ಲಾಮಿಕ್ ಕ್ರಾಂತಿಯ ನಾಯಕ ಖೊಮೇನಿ ಅವರಿಗೆ ಬೇಕಾದವರು, ರೆವಲ್ಯೂಷನರಿ ಗಾರ್ಡ್ಸ್ ಪಡೆಯಲ್ಲಿ ಖೊಮೇನಿಯ ಪ್ರತಿನಿಧಿಯಾಗಿದ್ದವರು. 1989ರಿಂದ 1993ರವರೆಗೆ ಆಗಿನ ಅಧ್ಯಕ್ಷ ರಫ್ಸಂಜಾನಿ ಸರ್ಕಾರದಲ್ಲೂ ಗೃಹ ಮಂತ್ರಿಯಾಗಿದ್ದರು. ಅಂದರೆ ಮನೆಯ ಮಗನೇ. ಮನೆಮಗ ತಿರುಗಿ ಪ್ರಶ್ನೆ ಕೇಳಿದರೆ ಸಿಟ್ಟು ಜಾಸ್ತಿ, ಅಲ್ವಾ?

1997ರ ಮೇ ತಿಂಗಳಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಸುಧಾರಣಾವಾದಿ ಖಾತಮಿ ಸುಮಾರು 70 ಪರ್ಸೆಂಟ್ ಮತ ತಗೊಂಡು ಗೆದ್ದರು. ನೂರಿ ಮತ್ತೆ ಗೃಹ ಮಂತ್ರಿಯಾದರು. ಗವರ್ನರ್‌ಗಳನ್ನು ಬದಲಾಯಿಸಿದರು, ಸಭೆ ಮೆರವಣಿಗೆಗಳಿಗೆ ಅನುಮತಿ ಕೊಟ್ಟರು. ಟೆಹರಾನ್ ಮೇಯರ್ ಕರ್ಬಾಸ್ಚಿಯನ್ನು 1998ರ ಏಪ್ರಿಲ್‌ನಲ್ಲಿ ಬಂಧಿಸಿದಾಗ ಬಹಿರಂಗವಾಗಿ ಅವರ ಪರ ನಿಂತರು. ಆದರೆ ಮಜ್ಲಿಸ್, ಅಂದರೆ ಅಲ್ಲಿನ ಸಂಸತ್ತು, ಹಳೆಯದೇ. ಅದರಲ್ಲಿ ಕಟ್ಟಾ ಸಂಪ್ರದಾಯವಾದಿಗಳದ್ದೇ ಮೇಲುಗೈ.

ನಮ್ಮ ಲೋಕಸಭೆ ಅವಿಶ್ವಾಸ ಮತ ಹಾಕಿದರೆ ಇಡೀ ಸಂಪುಟ ಬೀಳುತ್ತದೆ. ಇರಾನ್‌ನಲ್ಲಿ ಹಾಗಿಲ್ಲ. ಹತ್ತು ಜನ ಸದಸ್ಯರು ಸಹಿ ಹಾಕಿದರೆ ಸಾಕು, ಒಬ್ಬನೇ ಮಂತ್ರಿಯನ್ನು ಸದನಕ್ಕೆ ಕರೆಸಿ ಮತಕ್ಕೆ ಹಾಕಬಹುದು. 1998ರ ಜೂನ್ 21ರಂದು ಹಾಗೇ ಆಯ್ತು. ನೂರಿ ವಿರುದ್ಧ 137 ಮತ, ಪರವಾಗಿ 117. ಮಂತ್ರಿಗಿರಿ ಹೋಯಿತು. ಖಾತಮಿ ಏನು ಮಾಡಿದರು ಗೊತ್ತಾ? ಅದೇ ದಿನ ಅವರನ್ನು ಉಪಾಧ್ಯಕ್ಷರಲ್ಲಿ ಒಬ್ಬರನ್ನಾಗಿ ಮಾಡಿಬಿಟ್ಟರು! ಆ ಹುದ್ದೆಗೆ ಮಜ್ಲಿಸ್ ಒಪ್ಪಿಗೆ ಬೇಕಿಲ್ಲ. ಜಾಣತನವೇನೋ ಹೌದು, ಆದರೆ ಎದುರಾಳಿಗಳಿಗೆ ಕೆನ್ನೆಗೆ ಹೊಡೆದ ಹಾಗಾಯ್ತು. ಸೆಪ್ಟೆಂಬರ್‌ನಲ್ಲಿ ಶುಕ್ರವಾರದ ಪ್ರಾರ್ಥನೆಯ ದಿನ ಗುಂಪೊಂದು ನೂರಿ ಮತ್ತು ಸಂಸ್ಕೃತಿ ಮಂತ್ರಿ ಮೊಹಾಜೆರಾನಿ ಇಬ್ಬರ ಮೇಲೂ ಕೈ ಮಾಡಿತು.

ಅಷ್ಟಾದರೂ ನೂರಿ ಸುಮ್ನೆ ಕೂರಲಿಲ್ಲ. 1998ರ ಕೊನೆಗೆ 'ಖೊರ್ದಾದ್' ಅನ್ನೋ ಪತ್ರಿಕೆ ಶುರು ಮಾಡಿದರು. ಖಾತಮಿ ಗೆದ್ದ ಪರ್ಶಿಯನ್ ತಿಂಗಳ ಹೆಸರದು. ಲೇಖಕರು, ಚಿಂತಕರು ಒಬ್ಬೊಬ್ಬರಾಗಿ ಕೊಲೆಯಾಗುತ್ತಿದ್ದ ಕಾಲ ಅದು. ಆ ಕೊಲೆಗಳ ಬಗ್ಗೆ ಪತ್ರಿಕೆ ಬರೆಯಿತು. ಗೃಹಬಂಧನದಲ್ಲಿದ್ದ ಹಿರಿಯ ಧರ್ಮಗುರು ಮೊಂತಜೆರಿ ಪರವಾಗಿಯೂ ಬರೆಯಿತು. 1999ರ ಫೆಬ್ರವರಿಯಲ್ಲಿ ಕ್ರಾಂತಿಯ ನಂತರದ ಮೊದಲ ಸ್ಥಳೀಯ ಚುನಾವಣೆ ನಡೆದಾಗ, ಟೆಹರಾನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಮತ ಬಿದ್ದಿದ್ದು ನೂರಿಗೆ. 2000ದ ಫೆಬ್ರವರಿಯಲ್ಲಿ ಮಜ್ಲಿಸ್ ಚುನಾವಣೆ. ಮುಂದಿನ ಸ್ಪೀಕರ್ ಇವರೇ ಅನ್ನೋ ಮಾತು ಎಲ್ಲೆಡೆ ಇತ್ತು. ನನ್ನ ಪ್ರಕಾರ ಕೇಸಿನ ಗುಟ್ಟೆಲ್ಲ ಆ ತಾರೀಖಿನಲ್ಲೇ ಇದೆ.

ಇಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಧರ್ಮಗುರುಗಳನ್ನು ವಿಚಾರಿಸಲು ಇರಾನ್‌ನಲ್ಲಿ ಪ್ರತ್ಯೇಕ ವಿಶೇಷ ನ್ಯಾಯಾಲಯ ಇದೆ. ಅದು ಮಾಮೂಲಿ ನ್ಯಾಯಾಂಗದ ಕೆಳಗೆ ಬರುವುದಿಲ್ಲ, ಅಧ್ಯಕ್ಷರಿಗಿಂತಲೂ ಮೇಲಿರುವ ಸರ್ವೋಚ್ಚ ನಾಯಕರಿಗೆ ಮಾತ್ರ ಉತ್ತರ ಕೊಡುತ್ತದೆ. ಆಗಿನ ಸರ್ವೋಚ್ಚ ನಾಯಕ ಖಾಮೆನೈ (ಖೊಮೇನಿ ಬೇರೆ, ಖಾಮೆನೈ ಬೇರೆ, ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ). ಅಧ್ಯಕ್ಷರ ಬೆನ್ನಿಗೆ 2 ಕೋಟಿ ಮತ ಇದ್ದರೂ ಆ ಬಾಗಿಲಿನ ಒಳಗೆ ಅವರ ಮಾತು ನಡೆಯುವುದಿಲ್ಲ.

1999ರ ಅಕ್ಟೋಬರ್ ಕೊನೆಗೆ, 'ಖೊರ್ದಾದ್'ನಲ್ಲಿ ಬಂದ ಬರಹಗಳ ಮೇಲೆ, ವಿಚಾರಣೆ ಶುರುವಾಯಿತು. ಇಸ್ಲಾಂಗೆ ಅವಮಾನ, ಖೊಮೇನಿಗೆ ಅವಮಾನ, ಅಮೆರಿಕದ ಜೊತೆ ಸಂಬಂಧ ಬೇಕು ಅನ್ನೋ ಪ್ರಚಾರ, ಹೀಗೆ ಆರೋಪಗಳ ಉದ್ದ ಪಟ್ಟಿ. ನೂರಿ ಕ್ಷಮೆ ಕೇಳುವ ಬದಲು, ಈ ನ್ಯಾಯಾಲಯಕ್ಕೇ ಸಂವಿಧಾನದಲ್ಲಿ ಜಾಗ ಇಲ್ಲ ಅಂತ ವಾದಿಸಿದರು. ಅವರ ವಾದ ಪುಸ್ತಕವಾಗಿ ಬಂದು ಬಿಸಿ ದೋಸೆ ಥರ ಖರ್ಚಾಯಿತು. ನವೆಂಬರ್ 27ಕ್ಕೆ ತೀರ್ಪು: ಐದು ವರ್ಷ ಜೈಲು, ಪತ್ರಿಕೆಗೆ ಬೀಗ. ಮಜ್ಲಿಸ್ ಚುನಾವಣೆಗೆ ನಿಲ್ಲುವ ದಾರಿಯೂ ಬಂದ್.

ಅವರ ಬದಲು ತಮ್ಮ, ವೃತ್ತಿಯಲ್ಲಿ ವೈದ್ಯರಾಗಿದ್ದ ಅಲಿರೆಜಾ, ಟೆಹರಾನ್‌ನಿಂದ ನಿಂತು ಭಾರಿ ಮತಗಳಿಂದ ಗೆದ್ದರು. ಜನ ಮತ ಹಾಕಿದ್ದು ಅಣ್ಣನ ಹೆಸರಿಗೇ. 2002ರಲ್ಲಿ ಆ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅದಾದ ಮೇಲೆ, ಅದೇ ವರ್ಷದ ನವೆಂಬರ್‌ನಲ್ಲಿ, ಖಾಮೆನೈ ಕ್ಷಮಾದಾನ ಕೊಟ್ಟರು. ನೂರಿ ಹೊರಬಂದರು. ಸರ್ಕಾರದ ಯಾವ ಹುದ್ದೆಗೂ ಮತ್ತೆ ಬರಲಿಲ್ಲ.